ಕಾದ ಮೇಣದಲ್ಲಿ ಚಿತ್ರ ಬರೆಯುವುದು ಹೇಗೆ?

ಮೇಣದ ಚಿತ್ರ ಎಂದರೆ ಹೆಚ್ಚಿನವರಿಗೆ ಶಾಲೆಯ ಕ್ರೇಯಾನ್ ನೆನಪಾಗುತ್ತದೆ. ಎನ್‌ಕಾಸ್ಟಿಕ್ ಅದಲ್ಲ. ಜೇನುಮೇಣ ಕರಗಿಸಿ, ಬಣ್ಣದ ಪುಡಿ ಬೆರೆಸಿ, ಬಿಸಿಯಿರುವಾಗಲೇ ಹಲಗೆಗೆ ಹಚ್ಚಿ, ಮತ್ತೆ ಶಾಖ ಕೊಟ್ಟು ಪದರಗಳನ್ನು ಬೆಸೆಯುವ ಕಲೆ ಇದು. ರೋಮನ್ನರ ಆಳ್ವಿಕೆಯ ಈಜಿಪ್ಟಿನಲ್ಲಿ ಸತ್ತವರ ಭಾವಚಿತ್ರವನ್ನು ತೆಳು ಹಲಗೆಯ ಮೇಲೆ ಬರೆದು ಮಮ್ಮಿಯ ಮುಖಭಾಗಕ್ಕೆ ಕಟ್ಟುತ್ತಿದ್ದರು. ಫಯೂಮ್ ಚಿತ್ರಗಳೆಂದು ಹೆಸರಾದ ಇವುಗಳಲ್ಲಿ ಹಲವು ಮೇಣದವು. ಮೇಣ ತೇವ ಹೀರುವುದಿಲ್ಲ, ಅಲ್ಲಿಯ ಹವೆಯೂ ಒಣ. ಸುಮಾರು 2 ಸಾವಿರ ವರ್ಷವಾದರೂ ಎಷ್ಟೋ ಮುಖಗಳ ಕೆನ್ನೆಯ ಕೆಂಪು ಮಾಸಿಲ್ಲ.

ಇಷ್ಟು ತೊಂದರೆ ಏಕೆ ತೆಗೆದುಕೊಳ್ಳಬೇಕು? ಅಮೆರಿಕದ ಕಲಾವಿದ ಜ್ಯಾಸ್ಪರ್ ಜಾನ್ಸ್ ಅವರ ಉದಾಹರಣೆಯಲ್ಲಿ ಉತ್ತರವಿದೆ. ತಮ್ಮ ದೇಶದ ಬಾವುಟವನ್ನು ಬರೆಯುತ್ತಿರುವಂತೆ ಕನಸು ಬಿದ್ದ ಮೇಲೆ ಅವರು 1954ರಲ್ಲಿ ಆ ಚಿತ್ರಕ್ಕೆ ಕೈಹಾಕಿದರು. ಮೊದಲು ಬಳಸಿದ್ದು ಮನೆಗೆ ಬಳಿಯುವ ಎನಾಮಲ್. ಅದು ಬೇಗ ಒಣಗುತ್ತಿರಲಿಲ್ಲ. ಮೇಲೆ ಇನ್ನೊಂದು ಗೆರೆ ಎಳೆದರೆ ಕೆಳಗಿನದು ಕದಡುತ್ತಿತ್ತು. ಮೇಣಕ್ಕೆ ಬದಲಾಯಿಸಿದರು. ಕುಂಚ ಎತ್ತುವಷ್ಟರಲ್ಲಿ ಗಟ್ಟಿಯಾಗುವ ಮೇಣ ಪ್ರತಿಯೊಂದು ಹೊಡೆತವನ್ನೂ ಬೇರೆಬೇರೆಯಾಗಿ ಹಿಡಿದಿಡುತ್ತದೆ. ಅಡಿಯಲ್ಲಿ ಅಂಟಿಸಿದ ಪತ್ರಿಕೆಯ ಚೂರುಗಳೂ ಅದರೊಳಗಿಂದ ಕಾಣುತ್ತವೆ. ಕೈಯ ಅವಸರ, ತಡೆ, ಮನಸ್ಸು ಬದಲಾದದ್ದು ಎಲ್ಲವೂ ಚಿತ್ರದಲ್ಲೇ ಉಳಿಯಬೇಕು ಅನ್ನುವವರಿಗೆ ಮೇಣದಷ್ಟು ಒಗ್ಗುವ ಮಾಧ್ಯಮ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೇಣ ಹದ ಮಾಡುವುದು

ಎಂಟು ಪಾಲು ಶುದ್ಧ ಜೇನುಮೇಣಕ್ಕೆ ಒಂದು ಪಾಲು ಡಮಾರ್ ರಾಳ (ಮರದಿಂದ ಒಸರಿ ಗಟ್ಟಿಯಾದ ಅಂಟು) ತೂಕ ಮಾಡಿಕೊಳ್ಳಿ. ರಾಳ ಮೇಣಕ್ಕೆ ಗಟ್ಟಿತನ, ಹೊಳಪು ಕೊಡುತ್ತದೆ. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ರಾಳಕ್ಕೆ ಅದಕ್ಕಿಂತ ಹೆಚ್ಚು ಶಾಖ, ಹೆಚ್ಚು ಹೊತ್ತು ಬೇಕು. ಪೂರ್ತಿ ಕರಗಿದ ಮೇಲೆ ಬಟ್ಟೆಯಲ್ಲಿ ಸೋಸಿದರೆ ರಾಳದೊಳಗಿನ ಕಸ, ತೊಗಟೆ ಹೊರಟುಹೋಗುತ್ತದೆ.

ಬಣ್ಣ ಹಚ್ಚುವಾಗ 80ರಿಂದ 90 ಡಿಗ್ರಿ ಸಾಕು. ಶಾಖ ನಿಯಂತ್ರಿಸಬಹುದಾದ ವಿದ್ಯುತ್ ತಟ್ಟೆಯ ಮೇಲೆ ಸಣ್ಣ ತಗಡಿನ ಡಬ್ಬಿಗಳನ್ನಿಟ್ಟು ಒಂದೊಂದರಲ್ಲಿ ಒಂದೊಂದು ಬಣ್ಣ ಕಲಸಿ. ಗ್ಯಾಸ್ ಒಲೆ ಬೇಡವೇ ಬೇಡ. ಮೇಣದಿಂದ ಹೊಗೆ ಏಳುತ್ತಿದೆ ಎಂದರೆ ಶಾಖ ಮಿತಿಮೀರಿದೆ. ಆ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಕಿಟಕಿ ತೆರೆದಿರಲಿ, ಪುಡಿ ಬೆರೆಸುವಾಗ ಮಾಸ್ಕ್ ಇರಲಿ, ಟರ್ಪೆಂಟೈನ್ ಹತ್ತಿರ ಸುಳಿಯದಿರಲಿ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಮುಚ್ಚಳ ಮುಚ್ಚಬೇಕು.

ಹಲಗೆ ಮತ್ತು ಮೊದಲ ಪದರ

ಕ್ಯಾನ್ವಾಸ್ ಬಾಗುತ್ತದೆ, ಮೇಣ ಬಿರಿಯುತ್ತದೆ. ಗಟ್ಟಿ ಪ್ಲೈವುಡ್ ಇರಲಿ. ಅಂಗಡಿಯ ಅಕ್ರಿಲಿಕ್ ಪ್ರೈಮರ್ ಬಳಿದ ಹಲಗೆಗೆ ಮೇಣ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಹಲಗೆಯನ್ನು ಸ್ವಲ್ಪ ಬೆಚ್ಚಗೆ ಮಾಡಿ ಬಣ್ಣವಿಲ್ಲದ ಮೇಣವನ್ನು ಹಂದಿಕೂದಲ ಕುಂಚದಿಂದ ಹಚ್ಚಿ. ನೈಲಾನ್ ಕುಂಚ ಬಿಸಿಗೆ ಮುದುಡುತ್ತದೆ.

ಬೆಸೆಯುವುದು, ಕೆರೆಯುವುದು

ಮುಖ್ಯ ಕೆಲಸ ಇಲ್ಲಿದೆ. ಪ್ರತಿ ಪದರದ ನಂತರ ಹೀಟ್ ಗನ್ (ಬಿಸಿಗಾಳಿ ಊದುವ ಉಪಕರಣ) ಆಡಿಸಿ ಹೊಸ ಮೇಣವನ್ನು ಕೆಳಗಿನದಕ್ಕೆ ಬೆಸೆಯಬೇಕು, ಇಲ್ಲದಿದ್ದರೆ ನಾಳೆ ಅದು ಸಿಪ್ಪೆಯಂತೆ ಏಳುತ್ತದೆ. ಮೇಲ್ಮೈ ಒದ್ದೆಯಂತೆ ಮಿರುಗಿದ ಕೂಡಲೇ ಗನ್ ಸರಿಸಿ. ಒಂದು ಗಳಿಗೆ ಹೆಚ್ಚಾದರೆ ಗೆರೆಗಳೆಲ್ಲ ಹರಿದು ಬಣ್ಣ ಕೆಸರಾಗುತ್ತದೆ. ಹೊಸಬರ ಚಿತ್ರ ಕೆಡುವುದು ಬಹುಪಾಲು ಇಲ್ಲೇ, ಬಣ್ಣದ ಆಯ್ಕೆಯಲ್ಲಲ್ಲ.

ಪದರಗಳು ಸೇರಿದ ಮೇಲೆ ಆಟ ಶುರು. ಮೇಣ ಬೆಚ್ಚಗಿರುವಾಗ ಬ್ಲೇಡಿನಿಂದ ಕೆರೆದರೆ ಮರೆತಿದ್ದ ಕೆಳಗಿನ ನೀಲಿಯೋ ಕೆಂಪೋ ಹೊರಬರುತ್ತದೆ, ಚಿತ್ರದ ದಿಕ್ಕೇ ಬದಲಾಗಬಹುದು. ಅದಕ್ಕೇ ಪೂರ್ತಿ ಯೋಜನೆ ಹಾಕಿಕೊಂಡು ಕೂರುವುದರಿಂದ ಇಲ್ಲಿ ಲಾಭ ಕಡಿಮೆ. ನವಿರಾದ ಗೆರೆ ಬೇಕಿದ್ದರೆ ತಣಿದ ಮೇಣದಲ್ಲಿ ಸೂಜಿಯಿಂದ ಗೀರಿ, ಗೀರಿನೊಳಕ್ಕೆ ತೈಲವರ್ಣ ಉಜ್ಜಿ, ಮೇಲಿನದನ್ನು ಒರೆಸಿಬಿಡಿ. ಒಣ ಎಲೆ, ತೆಳು ಕಾಗದವನ್ನೂ ಪದರಗಳ ನಡುವೆ ಹುದುಗಿಸಬಹುದು.

ಆಮೇಲೆ

ಮೊದಲ ಕೆಲವು ತಿಂಗಳು ಮೇಲ್ಮೈಯಲ್ಲಿ ಬೂದಿಬಣ್ಣದ ಮಸುಕು ಮೂಡಬಹುದು. ಅದು ಬೂಷ್ಟಲ್ಲ, ಮೆತ್ತನೆಯ ಹತ್ತಿಬಟ್ಟೆಯಿಂದ ಉಜ್ಜಿದರೆ ಹೊಳಪು ಮರಳುತ್ತದೆ. ಗಾಜಿನ ಚೌಕಟ್ಟು ಬೇಕಿಲ್ಲ. ಆದರೆ ನೇರ ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಂತೂ ಚಿತ್ರವನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟುಹೋಗಬೇಡಿ.