ಕಾಳು ಬೇಯಿಸಲು ಬರದಿದ್ದರೆ ಪ್ರೋಟೀನ್ ಲೆಕ್ಕ ಯಾಕೆ?

ಈಗಿನ ಹುಡುಗರ ಅಡುಗೆಮನೆಗೆ ಹೋದರೆ ಕಪಾಟಿನ ಮೇಲೆ ದೊಡ್ಡದೊಂದು ಪ್ರೋಟೀನ್ ಪುಡಿಯ ಡಬ್ಬ ಕೂತಿರುತ್ತದೆ. ಪಕ್ಕದ ಕಾಳಿನ ಡಬ್ಬಕ್ಕೆ ಧೂಳು. ಕೇಳಿದರೆ "ಕಾಳು ಬೇಯೋದೇ ಇಲ್ಲ, ತಿಂದರೆ ಹೊಟ್ಟೆ ಉಬ್ಬುತ್ತೆ" ಅನ್ನುತ್ತಾರೆ. ಬೇಯಿಸೋಕೆ ಬರಲ್ಲ ಅಂತ ಮಾತ್ರ ಬಾಯಿ ಬಿಡುವುದಿಲ್ಲ.

ಪ್ರೋಟೀನ್ ಲೆಕ್ಕ ದೊಡ್ಡದೇನಲ್ಲ. ಆರೋಗ್ಯವಾಗಿರುವ ದೊಡ್ಡವರಿಗೆ ಮೈತೂಕದ ಕಿಲೋಗೆ ದಿನಕ್ಕೆ 0.8 ಗ್ರಾಂ. 60 ಕಿಲೋ ಇದ್ದರೆ 48 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6, ದೊಡ್ಡ ಲೋಟ ಹಾಲಿನಲ್ಲಿ 8, ಒಂದು ಕಪ್ ಬೆಂದ ಕಾಳಿನಲ್ಲಿ 15. ವಯಸ್ಸಾದಂತೆ ಸ್ನಾಯು ಸವೆಯುತ್ತದೆ, ನಮ್ಮಂಥವರಿಗೆ ಸ್ವಲ್ಪ ಜಾಸ್ತಿಯೇ ಬೇಕು. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿ. ಪ್ರೋಟೀನಿನೊಳಗೆ ಲೈಸಿನ್ ಅಂತ ಮೈಗೆ ಬೇಕೇಬೇಕಾದ ಒಂದು ಅಂಶವಿದೆ; ಧಾನ್ಯದಲ್ಲಿ ಅದು ಕಡಿಮೆ, ಕಾಳಿನಲ್ಲಿ ಧಾರಾಳ. ದಿನದಲ್ಲಿ ಎರಡೂ ಹೊಟ್ಟೆಗೆ ಬಿದ್ದರೆ ಸಾಕು, ಒಂದೇ ತಟ್ಟೆಯಲ್ಲಿ ಇರಬೇಕೆಂದೇನೂ ಇಲ್ಲ.

ಈಗ ಕಾಳಿಗೆ ಬರೋಣ. ರಾತ್ರಿ ನೆನೆಸುವ ನೀರಿಗೆ ಉಪ್ಪು ಹಾಕಿ. ಹೌದು, ಉಪ್ಪೇ! ಉಪ್ಪು ಬಿದ್ದರೆ ಕಾಳು ಬೇಯಲ್ಲ ಅಂತ ಹೆದರಿಸುವವರು ಇದ್ದಾರೆ, ಕೇಳಬೇಡಿ. ಸಿಪ್ಪೆ ಮೆತ್ತಗಾಗುವುದೇ ಅದರಿಂದ. ನಾಲಿಗೆಗೆ ಇಟ್ಟರೆ ಉಪ್ಪುಪ್ಪು ಅನ್ನಿಸಬೇಕು, ಅಷ್ಟು. ಬೆಳಿಗ್ಗೆ ಒಂದು ಕಾಳನ್ನು ಉಗುರಿನಿಂದ ಸೀಳಿ ನೋಡಿ. ನಡುವೆ ಒಣ ಬಿಳಿ ಚುಕ್ಕೆ ಉಳಿದಿದ್ದರೆ ಇನ್ನೊಂದೆರಡು ಗಂಟೆ ಬಿಡಿ. ಆ ನೀರು ಚೆಲ್ಲಿ. ಗಿಡಕ್ಕೆ ಹಾಕಬೇಡಿ ಮತ್ತೆ, ಉಪ್ಪಿದೆ. ಹೊಸ ನೀರು ಕಾಳಿನ ಮೇಲೆ ಎರಡು ಗೆಣ್ಣು ನಿಲ್ಲಲಿ. ಕುದಿ ಬಂದ ಮೇಲೆ ಕನಿಷ್ಠ 10 ನಿಮಿಷ ಕೊತಕೊತ ಕುದಿಯಬೇಕು. ಕೆಂಪು ರಾಜ್ಮಾ ಆದರಂತೂ ಇದನ್ನು ತಪ್ಪಿಸಲೇ ಬೇಡಿ. ಹಸಿ ರಾಜ್ಮಾದಲ್ಲಿ ವಾಂತಿ, ಭೇದಿ ಹಿಡಿಸುವ ಅಂಶವಿದೆ. ಸಣ್ಣ ಬಿಸಿಗೆ ಅದು ಜಗ್ಗುವುದಿಲ್ಲ. ಹಸಿ ಕಾಳನ್ನೇ ಸ್ಲೋ ಕುಕ್ಕರಿಗೆ ಸುರಿದು ಆಫೀಸಿಗೆ ಹೊರಡುವವರು ಕೇಳಿಸಿಕೊಳ್ಳಿ. ಆಮೇಲೆ ಉರಿ ತಗ್ಗಿಸಿ. ಚಮಚದಲ್ಲಿ ನಾಲ್ಕು ಕಾಳು ತೆಗೆದು ಮೆಲ್ಲಗೆ ಊದಿ. ಸಿಪ್ಪೆ ಸುರುಳಿಯಾಗಿ ಎದ್ದರೆ ಹದ ಹತ್ತಿರ ಬಂತು. ಮೂರು ಎದ್ದು ಒಂದು ಮೊಂಡಾಟ ಮಾಡಿದರೆ ಇನ್ನೂ ಬೇಯಲಿ.

ಟೊಮೇಟೊ, ನಿಂಬೆ, ಯಾವ ಹುಳಿಯಾದರೂ ಕಾಳು ಬೆಂದ ಮೇಲೇ. ಮದುವೆಯಾದ ಹೊಸದರಲ್ಲಿ ನಾನು ಮೊದಲೇ ಟೊಮೇಟೊ ಸುರಿದು ಮೂರು ಗಂಟೆ ಒಲೆ ಕಾದೆ. ಕಾಳು ಗೋಲಿಯ ಹಾಗೇ ಇತ್ತು. ಅತ್ತೆ ಏನೂ ಅನ್ನಲಿಲ್ಲ, ಸುಮ್ನೆ ಎದ್ದು ಮೊಟ್ಟೆ ಬೇಯಿಸಿದರು. ಬೈದಿದ್ದರೇ ವಾಸಿಯಿತ್ತು.

ಮೊಟ್ಟೆಯನ್ನೂ ಹಸಿಯಾಗಿ ಕುಡಿಯುವ ಶೂರರಿದ್ದಾರೆ. ಬೆಂದ ಮೊಟ್ಟೆಯ ಪ್ರೋಟೀನೇ ಮೈಗೆ ಚೆನ್ನಾಗಿ ಹತ್ತುವುದು. ಹಾಂ, ಮೊಟ್ಟೆ, ಹಾಲು ಮೆತ್ತಿದ ಪಾತ್ರೆಗೆ ಮೊದಲು ತಣ್ಣೀರು ಹಾಕಿ. ಬಿಸಿನೀರು ಬಿದ್ದರೆ ಅದು ಅಲ್ಲೇ ಬೆಂದು ಅಂಟಿಕೊಳ್ಳುತ್ತದೆ. ನಮ್ಮ ಮೊಮ್ಮಗಳು ಇವತ್ತಿಗೂ ಬಿಸಿನೀರೇ ಸುರಿದು ಅರ್ಧ ಗಂಟೆ ಉಜ್ಜುತ್ತಾಳೆ.