ತೊಗರಿ ರೇಟ್ ಹಿಡಿದು ದೇಶದ ಆರ್ಥಿಕತೆ ಓದುವುದು ಹೇಗೆ

ಟಿವಿಯಲ್ಲಿ ಜಿಡಿಪಿ, ರೆಪೊ ದರ, ವಿತ್ತೀಯ ಕೊರತೆ ಅಂತ ಶುರುವಾದ ಕೂಡಲೇ ಚಾನೆಲ್ ಬದಲಾಯಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದಪ್ಪ ಪುಸ್ತಕ ಸದ್ಯಕ್ಕೆ ಬೇಡ. ಕಲಬುರಗಿ ಕಡೆಯವರಾಗಿದ್ದರೆ ಅದಕ್ಕಿಂತ ಒಳ್ಳೆಯದೊಂದು ಕೈಗೆಟುಕುವಲ್ಲೇ ಇದೆ. ಅದು ಗಂಜ್‌ನಲ್ಲಿ, ಅಂದರೆ ಊರಿನ ಕೃಷಿ ಮಾರುಕಟ್ಟೆಯಲ್ಲಿ, ಇವತ್ತಿನ ತೊಗರಿ ರೇಟ್. ದೆಹಲಿಯಲ್ಲಿ ಆಮದು ಸುಂಕ ಬದಲಾದರೂ, ಮುಂಬೈಯಲ್ಲಿ ರಿಸರ್ವ್ ಬ್ಯಾಂಕ್ ಸಭೆ ಸೇರಿದರೂ, ಡಾಲರ್ ಏರಿದರೂ ಅದರ ಎಳೆ ಎಲ್ಲೋ ಒಂದು ಕಡೆ ಈ ರೇಟಿಗೆ ಸಿಕ್ಕಿಕೊಂಡೇ ಇರುತ್ತದೆ.

ಶುರು ಮಾಡೋಕೆ ಒಂದೇ ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಒಬ್ಬರ ಖರ್ಚು ಇನ್ನೊಬ್ಬರ ಆದಾಯ. ರಾಶಿ ಆಗಿ ರೈತನ ಕೈಗೆ ದುಡ್ಡು ಬಂದರೆ ಬಟ್ಟೆ ಅಂಗಡಿ, ಬಂಗಾರದ ಅಂಗಡಿ, ಬೈಕ್ ಶೋರೂಮ್ ಎಲ್ಲಾ ತುಂಬುತ್ತವೆ. ಬೆಳೆ ಕೈಕೊಟ್ಟ ವರ್ಷ ಅದೇ ಅಂಗಡಿಯವರು ಕೆಲಸದ ಹುಡುಗರನ್ನು ಕಡಿಮೆ ಮಾಡುತ್ತಾರೆ. ಆ ಹುಡುಗರೂ ಯಾರದೋ ಗಿರಾಕಿಗಳೇ ಅಲ್ವಾ? ಅಲ್ಲಿಗೆ ಇನ್ನೊಬ್ಬರ ವ್ಯಾಪಾರ ಹೋಯಿತು. ಒಂದು ಮನೆ ಖರ್ಚು ಬಿಗಿ ಮಾಡಿದರೆ ಉಳಿತಾಯ, ಎಲ್ಲಾ ಮನೆಗಳೂ ಒಟ್ಟಿಗೆ ಬಿಗಿ ಮಾಡಿದರೆ ಆರ್ಥಿಕ ಹಿಂಜರಿತ. ಮನೆ ಲೆಕ್ಕ ಬೇರೆ, ದೇಶದ ಲೆಕ್ಕ ಬೇರೆ ಅನ್ನೋದು ಇದೇ ಕಾರಣಕ್ಕೆ.

ಈಗ ಜಿಡಿಪಿ, ಅಂದರೆ ಒಂದು ಅವಧಿಯಲ್ಲಿ ದೇಶದೊಳಗೆ ತಯಾರಾದ ಎಲ್ಲಾ ಸರಕು, ಸೇವೆಗಳ ಒಟ್ಟು ಮೌಲ್ಯ. ಒಂದು ಕ್ವಿಂಟಲ್ ತೊಗರಿ ತೆಗೆದುಕೊಂಡು ಸುಮ್ನೆ ಲೆಕ್ಕ ಮಾಡೋಣ, ರೇಟ್ ನಾನು ಹಾಕಿಕೊಂಡದ್ದು. ರೈತ 7,500 ರೂಪಾಯಿಗೆ ಮಾರಿದ. ದಾಲ್ ಮಿಲ್‌ನಲ್ಲಿ ಅದು 70 ಕಿಲೋ ಬೇಳೆ ಆಯಿತು, ಮಿಲ್‌ನವರು ಕಿಲೋಗೆ 130ರಂತೆ 9,100ಕ್ಕೆ ಕೊಟ್ಟರು, ಕಿರಾಣಿ ಅಂಗಡಿಯವರು 150ರಂತೆ 10,500ಕ್ಕೆ ಮಾರಿದರು. ಮೂರನ್ನೂ ಕೂಡಿಸಿ 27,100 ಅಂದರೆ ತಪ್ಪು, ಒಂದೇ ತೊಗರಿಯನ್ನು ಮೂರು ಸಲ ಎಣಿಸಿದಂತೆ. ಜಿಡಿಪಿಗೆ ಸೇರುವುದು ಕೊನೆಯ 10,500 ಮಾತ್ರ. ಬೇಕಾದರೆ ಒಬ್ಬೊಬ್ಬರು ಸೇರಿಸಿದ ಮೌಲ್ಯ ಕೂಡಿಸಿ ನೋಡಿ. ರೈತನ 7,500, ಮಿಲ್‌ನ 1,600, ಅಂಗಡಿಯ 1,400. ಅದೇ ಮೊತ್ತ ಬರುತ್ತದೆ. (ಬೀಜ, ಗೊಬ್ಬರ, ದನಕ್ಕೆ ಹೋಗುವ ಹೊಟ್ಟು ಇವೆಲ್ಲ ಬಿಟ್ಟಿದ್ದೇನೆ, ಜಗಳ ಬೇಡ.)

ಮುಂದಿನ ವರ್ಷ ಅದೇ ಒಂದು ಕ್ವಿಂಟಲ್ 10,000ಕ್ಕೆ ಹೋಯಿತು ಅಂದುಕೊಳ್ಳಿ. ದುಡ್ಡಿನ ಲೆಕ್ಕದಲ್ಲಿ 33% ಬೆಳವಣಿಗೆ, ಕಾಳಿನ ಲೆಕ್ಕದಲ್ಲಿ ಸೊನ್ನೆ. ಸುದ್ದಿಯಲ್ಲಿ 'ನೈಜ ಬೆಳವಣಿಗೆ' ಅಂತ ಬರುವುದು ಈ ಬೆಲೆ ಏರಿಕೆ ತೆಗೆದ ನಂತರದ ಅಂಕಿ. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ಕೊನೆಗೆ ಸರ್ಕಾರ ತ್ರೈಮಾಸಿಕ ಅಂಕಿ ಬಿಡುತ್ತದೆ. ನೋಡುವಾಗ ನೈಜವೋ ಅಲ್ಲವೋ ಅಂತ ಮೊದಲು ಕೇಳಿ.

ಜಿಡಿಪಿಯನ್ನು ಖರ್ಚಿನ ಕಡೆಯಿಂದ ನೋಡಿದರೆ ನಾಲ್ಕು ಭಾಗ. ನಾವು ನೀವು ಕೊಳ್ಳುವುದು, ಬಂಡವಾಳ ಹೂಡಿಕೆ, ಸರ್ಕಾರದ ಖರ್ಚು, ರಫ್ತಿನಲ್ಲಿ ಆಮದು ಕಳೆದದ್ದು. ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗೆ ಹೊಸ ಯಂತ್ರ ಬಂದರೆ ಅದು ಹೂಡಿಕೆ. ನೀವು ಹೊಸ ಮನೆ ಕಟ್ಟಿಸಿದರೂ ಹೂಡಿಕೆಯೇ. ನಮ್ಮ ದೇಶದಲ್ಲಿ ದೊಡ್ಡ ಪಾಲು ಮನೆಮಂದಿಯ ಖರೀದಿಯದು, ಸುಮಾರು ಅರವತ್ತು ಪರ್ಸೆಂಟ್.

ಸ್ವಲ್ಪ ನಿಧಾನವಾಗಿ ಓದಬೇಕಾದ ಭಾಗ ಹಣದುಬ್ಬರ, ಅಂದರೆ ಬೆಲೆಗಳು ಎಷ್ಟು ವೇಗವಾಗಿ ಏರುತ್ತಿವೆ ಅನ್ನೋ ಲೆಕ್ಕ, ಯಾಕಂದರೆ ನಮ್ಮ ಜಿಲ್ಲೆಯವರಿಗೆ ಪೆಟ್ಟು ಬೀಳುವುದು ಇಲ್ಲೇ.

ಚಿಲ್ಲರೆ ಹಣದುಬ್ಬರ ಅಳೆಯಲು ಒಂದು ಬುಟ್ಟಿ ಸಾಮಾನು ಇಟ್ಟುಕೊಂಡಿರುತ್ತಾರೆ. 2012ನ್ನು ಆಧಾರ ವರ್ಷ (ಬೆಲೆ ಹೋಲಿಸಲು ಇಟ್ಟುಕೊಳ್ಳುವ ವರ್ಷ) ಮಾಡಿಕೊಂಡಿದ್ದ ಹಿಂದಿನ ಬುಟ್ಟಿಯಲ್ಲಿ ಆಹಾರ ಮತ್ತು ಪಾನೀಯದ ತೂಕ, ಅಂದರೆ ಪಾಲು, 45.86% ಇತ್ತು, ಅದರಲ್ಲಿ ಸೇರಿದ ಬೇಳೆಕಾಳಿನದು ಒಟ್ಟು ಬುಟ್ಟಿಯ 2.38%. ಕಡಿಮೆ ಅನಿಸುತ್ತದೆ. ಆದರೆ ಬೇಳೆ ರೇಟ್ ಒಂದೇ ವರ್ಷದಲ್ಲಿ ಮೂವತ್ತು ನಲವತ್ತು ಪರ್ಸೆಂಟ್ ಜಿಗಿದರೆ ಆ ಪುಟ್ಟ ತೂಕವೂ ಸೂಚ್ಯಂಕವನ್ನು ಎಳೆಯುತ್ತದೆ, ಮೇಲಾಗಿ ಬೇಳೆ ರೇಟ್ ಅಂದರೆ ಓಟಿನ ವಿಷಯ. ರಿಸರ್ವ್ ಬ್ಯಾಂಕ್‌ಗೆ 2016ರಿಂದ ಕೊಟ್ಟಿರುವ ಗುರಿ 4%, ಎರಡು ಆಚೀಚೆ ಆದರೆ ನಡೆಯುತ್ತದೆ. ಆರು ಜನರ ಸಮಿತಿ ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಸೇರಿ ರೆಪೊ ದರ ತೀರ್ಮಾನಿಸುತ್ತದೆ. ರೆಪೊ ಅಂದರೆ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಸಾಲ ಎತ್ತುವ ಬಡ್ಡಿ. ಹಣದುಬ್ಬರ ಜಾಸ್ತಿಯಾದರೆ ಸಾಮಾನ್ಯವಾಗಿ ಅದನ್ನು ಏರಿಸುತ್ತಾರೆ, ಕಡಿಮೆಯಾದರೆ ಇಳಿಸುತ್ತಾರೆ.

ಈಗ ತೊಗರಿ ಜೊತೆ ಇದನ್ನು ಓದಿ. 2022ರಲ್ಲಿ ನಮ್ಮ ಹೊಲಗಳಲ್ಲಿ ನೆಟೆ ರೋಗ ಬಂದು ಗಿಡ ನಿಂತಲ್ಲೇ ಒಣಗಿದವು. 2023ರಲ್ಲಿ ಮಳೆ ಕೈಕೊಟ್ಟಿತು. ರೇಟ್ ಕ್ವಿಂಟಲ್‌ಗೆ 10,000 ದಾಟಿತು. ದೆಹಲಿಗೆ ಅದು ಹಣದುಬ್ಬರ. ತೊಗರಿ ಸುಂಕವಿಲ್ಲದೆ ಬರುವ ಬಾಗಿಲು ಮೊದಲೇ ತೆರೆದಿತ್ತು, ಡಿಸೆಂಬರ್ 2023ರಲ್ಲಿ ಅಗ್ಗದ ಹಳದಿ ಬಟಾಣಿಗೂ ಸುಂಕ ತೆಗೆದರು. ಮೊಜಾಂಬಿಕ್, ತಾಂಜಾನಿಯಾ, ಮಲಾವಿ, ಮ್ಯಾನ್ಮಾರ್‌ನ ಕಾಳು ಬಂದರಿನಲ್ಲಿ ಇಳಿಯಿತು. ಆಫ್ರಿಕಾದ ಮಾಲು ಬರುವುದು ಆಗಸ್ಟ್ ನಂತರ, ನಮ್ಮ ರಾಶಿ ಡಿಸೆಂಬರ್-ಜನವರಿಗೆ, ಅಂದರೆ ನಮ್ಮ ಕಾಳು ಗಂಜ್‌ಗೆ ಬರುವ ಮೊದಲೇ ಹೊರಗಿನದು ಬಂದಿರುತ್ತದೆ. 2025ರ ಆರಂಭದ ಹೊತ್ತಿಗೆ ರೇಟ್ ಎಷ್ಟು ಇಳಿದಿತ್ತೆಂದರೆ, ಕೇಂದ್ರದ ಬೆಂಬಲ ಬೆಲೆ 7,550ರ ಮೇಲೆ ರಾಜ್ಯ ಸರ್ಕಾರ 450 ಸೇರಿಸಿ 8,000ಕ್ಕೆ ಖರೀದಿ ಘೋಷಿಸಬೇಕಾಯಿತು.

ಅದೇ ವರ್ಷ ಬೇಳೆ, ತರಕಾರಿ ಇಳಿದದ್ದರಿಂದ ದೇಶದ ಹಣದುಬ್ಬರ ಬಿತ್ತು, ರಿಸರ್ವ್ ಬ್ಯಾಂಕ್ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ರೆಪೊವನ್ನು 6.50ರಿಂದ 5.25ಕ್ಕೆ ಇಳಿಸಿತು. ಇಳಿಕೆಗೆ ಬೇರೆ ಕಾರಣಗಳೂ ಇದ್ದವು, ತೊಗರಿ ಒಂದೇ ಅಲ್ಲ. ಲಾಭ ಯಾರಿಗೆ ಮೊದಲು ಸಿಕ್ಕಿತು? ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡವರಿಗೆ. ಅಕ್ಟೋಬರ್ 2019ರ ನಂತರ ಬ್ಯಾಂಕುಗಳು ಕೊಟ್ಟ ಬದಲಾಗುವ ಬಡ್ಡಿಯ ಗೃಹಸಾಲ ಹೆಚ್ಚಾಗಿ ರೆಪೊಗೇ ಕಟ್ಟಿದ್ದು, ಆದ್ದರಿಂದ ಅವರ ಕಂತು ಬೇಗ ಇಳಿಯುತ್ತದೆ. ಅಫಜಲಪುರ ಅಥವಾ ಶಹಾಪುರದ ರೈತನ ಬೆಳೆ ಸಾಲ ಮೊದಲೇ 7%ಕ್ಕೆ, ಸಮಯಕ್ಕೆ ಕಟ್ಟಿದರೆ 4%ಕ್ಕೆ ನಿಗದಿಯಾದದ್ದು, ರೆಪೊ ಇಳಿದರೂ ಅದು ಹಾಗೇ ಇರುತ್ತದೆ. ಇನ್ನು ಊರಿನ ಸಾಹುಕಾರನ ಹತ್ತಿರ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯಂತೆ ತಂದವನು ವರ್ಷಕ್ಕೆ 36% ಕಟ್ಟುತ್ತಿರುತ್ತಾನೆ. ರೆಪೊ ಎಷ್ಟಾದರೂ ಸಾಹುಕಾರನಿಗೆ ಏನು?

ಹಾಗಂತ ಹಣದುಬ್ಬರ ಏರಲಿ ಅಂತ ನಾನು ಹೇಳುತ್ತಿಲ್ಲ. ತೊಗರಿ ಕೊಂಡು ತಿನ್ನುವ ಕೂಲಿಯವರು ನಮ್ಮಲ್ಲೇ ಸಾಕಷ್ಟು ಜನ ಇದ್ದಾರೆ. ಆದರೆ 'ಹಣದುಬ್ಬರ ಇಳಿಕೆ, ಜನರಿಗೆ ನೆಮ್ಮದಿ' ಅನ್ನೋ ಹೆಡ್‌ಲೈನ್ ಕಂಡಾಗ ಯಾವ ಸಾಮಾನು ಇಳಿಯಿತು, ಅದನ್ನು ಬೆಳೆದವರು ಯಾರು ಅಂತ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಈ ಅಂಕಿ ಪ್ರತಿ ತಿಂಗಳು 12ರ ಸುಮಾರಿಗೆ ಬರುತ್ತದೆ. ಒಟ್ಟು ಅಂಕಿ ನೋಡಿ ಬಿಡಬೇಡಿ, ಕೆಳಗೆ ಬೇಳೆಕಾಳಿನ ಸಾಲು ಹುಡುಕಿ ನೋಡಿ.

ರೂಪಾಯಿ-ಡಾಲರ್ ವಿಷಯವೂ ಹೀಗೇ ಎರಡು ಬಾಯಿಯದು. ಆಮದು ತೊಗರಿಗೆ ಕೊಡುವುದು ಡಾಲರ್. ರೂಪಾಯಿ ಬಿದ್ದರೆ ಹೊರಗಿನ ಕಾಳು ತುಟ್ಟಿ, ನಮ್ಮ ಕಾಳಿಗೆ ಸ್ವಲ್ಪ ಬಲ. ಆದರೆ ಕಚ್ಚಾ ತೈಲದಲ್ಲಿ ಸುಮಾರು 85% ಹೊರಗಿನಿಂದಲೇ ತರುತ್ತೇವೆ, ಅಡುಗೆ ಎಣ್ಣೆಯೂ ಅರ್ಧಕ್ಕಿಂತ ಜಾಸ್ತಿ ಆಮದು. ಹೀಗಾಗಿ ಟ್ರ್ಯಾಕ್ಟರ್ ಖರ್ಚೂ ಅಡುಗೆಮನೆ ಖರ್ಚೂ ಏರುವ ಭಯ ಇರುತ್ತದೆ. ಹೊರಗೆ ಕೊಡಲು ಡಾಲರ್ ಮುಗಿದರೆ ಏನಾಗುತ್ತದೆ ಅಂತ 1991ರಲ್ಲಿ ನೋಡಿದ್ದೇವೆ, ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಮಾತ್ರ ಉಳಿದಾಗ ದೇಶದ ಬಂಗಾರವನ್ನೇ ಹೊರಗೆ ಒತ್ತೆ ಇಡಬೇಕಾಯಿತು.

ಬಜೆಟ್ ಬಗ್ಗೆ ಜಾಸ್ತಿ ಹೇಳಲ್ಲ. ಸರ್ಕಾರದ ಖರ್ಚಿಗೆ ಆದಾಯ ಸಾಲದೆ ಸಾಲ ಮಾಡಿ ತುಂಬುವುದೇ ವಿತ್ತೀಯ ಕೊರತೆ, ಅದನ್ನು ಜಿಡಿಪಿಯ ಇಷ್ಟು ಪರ್ಸೆಂಟ್ ಅಂತ ಹೇಳುತ್ತಾರೆ. ಕೊರತೆ ಎಷ್ಟು ಅನ್ನುವುದಕ್ಕಿಂತ ಆ ಸಾಲ ಯಾವುದಕ್ಕೆ ಹೋಯಿತು ಅನ್ನೋದು ಮುಖ್ಯ ಅಂತ ನನ್ನ ಅಭಿಪ್ರಾಯ. ರಸ್ತೆ, ಕಾಲುವೆಗೆ ಹೋದ ಸಾಲ ಮುಂದೆ ದುಡಿಯುತ್ತದೆ, ಹಳೆ ಸಾಲದ ಬಡ್ಡಿಗೆ ಹೋದದ್ದು ಹೋಯಿತು ಅಷ್ಟೆ. ತೆರಿಗೆ ಬದಲಾವಣೆಯನ್ನು ಊರಿನ ಕಣ್ಣಿಂದ ನೋಡಿ. ಸೆಪ್ಟೆಂಬರ್ 2025ರಲ್ಲಿ ಸಿಮೆಂಟ್ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಾಗ ಅಂಗಡಿಯಲ್ಲಿ ಚೀಲದ ರೇಟ್ ಅಷ್ಟೇ ಇಳಿಯಿತೋ ಅಂತ ಕೇಳಿದವರಿಗೆ ಬಜೆಟ್ ಭಾಷಣ ಕೇಳಿದವರಿಗಿಂತ ಜಾಸ್ತಿ ಗೊತ್ತಿರುತ್ತದೆ.

ತಲಾ ಆದಾಯದ ಅಂಕಿ ಬಂದಾಗ ಮಾತ್ರ ಹುಷಾರು. ಅದು ಸರಾಸರಿ. ರಾಜ್ಯದ ತಲಾ ಆದಾಯ ದೇಶದಲ್ಲೇ ಮೇಲಿನ ಸಾಲಿನಲ್ಲಿದೆ, ಅದನ್ನು ಎತ್ತಿ ಹಿಡಿದಿರುವುದು ಬೆಂಗಳೂರು. ಕಲಬುರಗಿ, ಯಾದಗಿರಿ ಪಟ್ಟಿಯ ತಳದಲ್ಲಿವೆ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ತಂದದ್ದು ಈ ಅಂತರಕ್ಕಾಗಿಯೇ. ದೇಶದ ಮಟ್ಟದಲ್ಲೂ ಅದೇ ಕಥೆ. ದುಡಿಯುವವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಕೃಷಿಯಲ್ಲಿದ್ದಾರೆ, ಆದಾಯದಲ್ಲಿ ಅದರ ಪಾಲು ಐದರಲ್ಲಿ ಒಂದಕ್ಕಿಂತ ಕಡಿಮೆ. ಯಾದಗಿರಿಯಿಂದ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋದವರು ಕಟ್ಟಡ ಕಟ್ಟಿದರೆ ಆ ಮೌಲ್ಯ ಅಲ್ಲಿನ ಲೆಕ್ಕಕ್ಕೆ ಬೀಳುತ್ತದೆ. ಊರಿಗೆ ಬರುವುದು ಕೂಲಿಯಲ್ಲಿ ಉಳಿಸಿ ಕಳಿಸಿದಷ್ಟು ಮಾತ್ರ.

ಇಷ್ಟು ತಿಳಿದ ಮೇಲೆ ಒಂದು ನೋಟ್‌ಬುಕ್ ತೆಗೆದುಕೊಂಡು ಡಿಸೆಂಬರ್‌ನಲ್ಲಿ ಹೊಸ ತೊಗರಿ ಸವಾಲ್ (ಹರಾಜು) ಶುರುವಾದಾಗಿನಿಂದ ವಾರಕ್ಕೊಮ್ಮೆ ಗಂಜ್ ರೇಟ್ ಬರೆಯಿರಿ. ಪಕ್ಕದಲ್ಲಿ ಡಾಲರ್ ಬೆಲೆ, ಆಮದು ಸುಂಕದ ಸುದ್ದಿ, ಆ ತಿಂಗಳ ಹಣದುಬ್ಬರ. ರೇಟ್ ಬೆಂಬಲ ಬೆಲೆಗಿಂತ ಕೆಳಗೆ ಇಳಿದ ವಾರ ಕೆಂಪು ಪೆನ್ನಿನಲ್ಲಿ ಬರೆದು, ಖರೀದಿ ಕೇಂದ್ರ ತೆರೆದ ದಿನಾಂಕವನ್ನೂ ಅಲ್ಲೇ ಹಾಕಿ.