ಟ್ಯೂಬಿನ ಸಣ್ಣಕ್ಷರ ಓದುವುದು ಹೇಗೆ?

ನನ್ನ ಮೊಣಕೈ ಸೋರಿಯಾಸಿಸ್‌ಗೆ (ಚರ್ಮ ಕೆಂಪಾಗಿ ಹೊಟ್ಟೇಳುವ ಕಾಯಿಲೆ) ಬದಿಯಡ್ಕದಲ್ಲಿ ಒಂದು ಟ್ಯೂಬ್ ಸಿಕ್ಕಿತು. ತಿಂಗಳು ಹಚ್ಚಿದೆ. ಮದ್ದು ಬದಲಾಯಿಸೋಣ ಅಂತ ಮಂಗಳೂರಿಗೆ ಹೋದೆ, ಅಲ್ಲಿ ಇನ್ನೊಂದು ಕೊಟ್ಟರು, ಬಣ್ಣ ಬೇರೆ, ಹೆಸರು ಬೇರೆ, ರೇಟೂ ಜಾಸ್ತಿ. ಅದನ್ನೂ ತಿಂಗಳು ಹಚ್ಚಿ, ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾದ ಮೇಲೆ ಕನ್ನಡಕ ಹಾಕಿ ನೋಡಿದರೆ ಎರಡರಲ್ಲೂ ಇದ್ದದ್ದು ಕ್ಲೋಬೆಟಾಸಾಲ್ ಪ್ರೊಪಿಯೊನೇಟ್ 0.05%. ಸಾಮಾನ್ಯವಾಗಿ ಎರಡು ವಾರಕ್ಕಿಂತ ಹೆಚ್ಚು ಬಿಡದೆ ಹಚ್ಚಬಾರದ ಸ್ಟೀರಾಯ್ಡ್!

ಹಾಗಾಗಿ ಮೊದಲು ದೊಡ್ಡಕ್ಷರದ ಹೆಸರು ಮರೆತುಬಿಡಿ. 'ಕಂಪೊಸಿಷನ್' ಅಂತಿರುವ ಸಾಲು ಹುಡುಕಿ. ಹೆಸರಿನ ಪಕ್ಕ 'ಐಪಿ' (ಇಂಡಿಯನ್ ಫಾರ್ಮಕೋಪಿಯಾ, ಅಂದರೆ ನಮ್ಮ ದೇಶದ ಮದ್ದುಗಳ ಗುಣಮಟ್ಟದ ಪುಸ್ತಕ) ಇದ್ದು ಮುಂದೆ ಶೇಕಡಾ ಲೆಕ್ಕ ಇದ್ದರೆ ಸಾಮಾನ್ಯವಾಗಿ ಅದೇ ಅಸಲಿ ಮದ್ದು. ಪಕ್ಕದಲ್ಲಿ 'ಪ್ರಿಸರ್ವೇಟಿವ್' ಅಂತಿದ್ದರೆ ಮಾತ್ರ ಅದು ಕೆಡದಂತೆ ಹಾಕಿದ್ದು.

ಆಮೇಲೆ ಅಂಕಿ. ಇಲ್ಲಿ ಮೋಸ ಹೋಗಬೇಡಿ. 1% ಹೈಡ್ರೊಕಾರ್ಟಿಸೋನ್ ಅನ್ನುವ ಸ್ಟೀರಾಯ್ಡಿಗಿಂತ 0.05% ಕ್ಲೋಬೆಟಾಸಾಲ್ ಎಷ್ಟೋ ಪಾಲು ಜೋರು. ಕ್ಯಾಲ್ಸಿಪೊಟ್ರಿಯಾಲ್ ಇದ್ದರೆ ಅದು ವಿಟಮಿನ್ ಡಿ ಬಳಗದ್ದು. ಸ್ಯಾಲಿಸಿಲಿಕ್ ಆಸಿಡ್ ಮುಖ್ಯವಾಗಿ ಹೊಟ್ಟು ತೆಗೆಯುತ್ತದೆ.

ಮಾತ್ರೆಯಲ್ಲಿ ಮೆಥೊಟ್ರೆಕ್ಸೇಟ್ ಅಂತ ಕಂಡರೆ ಚೀಟಿಯನ್ನು ಮತ್ತೊಮ್ಮೆ ಓದಿ. ಸೋರಿಯಾಸಿಸ್‌ಗೆ ಅದು ವಾರಕ್ಕೊಮ್ಮೆ. ದಿನಾ ನುಂಗಿದರೆ ಜೀವಕ್ಕೇ ಕುತ್ತು.

ಇಂಜೆಕ್ಷನ್ ಹೆಸರು 'ಮ್ಯಾಬ್' ಅಂತ ಮುಗಿದರೆ ಅದು ಆ್ಯಂಟಿಬಾಡಿ. ಸೆಕುಕಿನುಮ್ಯಾಬ್ ಐಎಲ್-17ಎಯನ್ನು (ಐಎಲ್ ಅಂದರೆ ಇಂಟರ್‌ಲ್ಯೂಕಿನ್, ದೇಹದಲ್ಲಿ ಉರಿಯೂತದ ಸಂದೇಶ ಒಯ್ಯುವ ಪ್ರೋಟೀನ್) ತಡೆಯುತ್ತದೆ, ಉಸ್ಟೆಕಿನುಮ್ಯಾಬ್ ಐಎಲ್-12 ಮತ್ತು 23 ಅನ್ನು. ಯಾರಿಗೆ ಯಾವುದು ಅನ್ನುವುದೇ ಈಗಿನ ಪ್ರಿಸಿಷನ್ ಮೆಡಿಸಿನ್, ಅಂದರೆ ಒಬ್ಬೊಬ್ಬರ ದೇಹಕ್ಕೆ ತಕ್ಕ ಮದ್ದು ಆರಿಸುವ ವಿದ್ಯೆಯ ತಲೆಬಿಸಿ. ಎಚ್‌ಎಲ್‌ಎ-ಸಿ 06:02 ಅನ್ನುವ ಜೀನ್ ನಮೂನೆ ಇದ್ದವರಿಗೆ ಉಸ್ಟೆಕಿನುಮ್ಯಾಬ್ ಉಳಿದವರಿಗಿಂತ ಚೆನ್ನಾಗಿ ಹಿಡಿಯುವುದು ಕಂಡುಬಂದಿದೆ. ಆದರೆ ಆ ಟೆಸ್ಟನ್ನು ಎಲ್ಲರಿಗೂ ಬರೆಯುವ ರೂಢಿ ಇನ್ನೂ ಬಂದಿಲ್ಲ. ಟಿಬಿ ಟೆಸ್ಟ್ ಮಾತ್ರ ಇಂಥ ಸೂಜಿಗಳಿಗೆ ಮೊದಲೇ ಆಗಬೇಕು.

ಇನ್ನು ಸೋರಿಯಾಸಿಸ್‌ಗೆ ಮನೆಯಲ್ಲೇ ಮಾಡುವ ನಮ್ಮ ದಂತಪಾಲೆ ಮರದ ಎಲೆಯ ಎಣ್ಣೆ. ಎಲೆ ಹರಿದು ತೆಂಗಿನೆಣ್ಣೆಗೆ ಹಾಕಿ ಬಿಸಿಲಿಗಿಟ್ಟರೆ ನೇರಳೆ ಬಣ್ಣ ಬಿಡುತ್ತದೆ, ನೋಡಲು ಚಂದ. ಆದರೆ ಅದರಲ್ಲಿ ಕಂಪೊಸಿಷನ್ ಸಾಲೇ ಇಲ್ಲ ಅಲ್ವಾ? ಇಂಥದ್ದರಲ್ಲಿ ಕೆಲಸ ಮಾಡುವ ಅಂಶವನ್ನು ಬೇರ್ಪಡಿಸುವುದು ಸಣ್ಣ ಕೆಲಸವಲ್ಲ. ಚೀನಾದ ನೀಲಿ ಮದ್ದಿನಲ್ಲಿ ಇಂಡಿರುಬಿನ್ ಅನ್ನುವ ಅಂಶ ಸಿಕ್ಕಿದ್ದು ಹಾಗೆ ಹುಡುಕಿಯೇ. ಮನೆಯೆಣ್ಣೆ ಹಚ್ಚುವವರು ಡಾಕ್ಟರಿಗೆ ಅದನ್ನೂ ಹೇಳಿ. ಲೇಬಲ್ಲೇ ಇಲ್ಲದ ಡಬ್ಬಿಯ 'ಗ್ಯಾರಂಟಿ' ಮುಲಾಮಂತೂ ಬೇಡವೇ ಬೇಡ, ಅದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದರೂ ಗೊತ್ತಾಗದು.

ನಾನೀಗ ಅಂಗಡಿಯಲ್ಲೇ ಆ ಸಾಲಿನ ಫೋಟೊ ತೆಗೆದು, ಹಳೇ ಟ್ಯೂಬಿನ ಫೋಟೊ ಪಕ್ಕ ಇಟ್ಟು ನೋಡಿದ ಮೇಲೆಯೇ ದುಡ್ಡು ಕೊಡುವುದು.